ಕಣಗಿಲೆಗೆ ನೀರು

ಹೆಂಡತಿ ತೀರಿಕೊಂಡ ಮೇಲೆ ಪರೇಲಿನ ಚಾಳಿನಲ್ಲಿ ದಾನಪ್ಪನಿಗೆ ಒಂದು ಗಳಿಗೆಯೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಲಿಂಗಪೂಜೆಯ ಹೂವಿಗೆಂದು ಅವಳು ಅಂಗಳದಲ್ಲಿ ನೆಟ್ಟಿದ್ದ ಪರಿಮಳದ ಕಣಗಿಲೆಗೆ ಮೇಲಿಂದ ಮೇಲೆ ನೀರು ಹೊಯ್ಯುತ್ತಿದ್ದ. ಎಲೆ ಹಳದಿಯಾದಷ್ಟೂ ಗಾಬರಿಯಾಗಿ ಇನ್ನೊಂದು ತಂಬಿಗೆ ತರುತ್ತಿದ್ದ.

ನೆರೆಮನೆಯ ಭಾಗವ್ವ ತಂಬಿಗೆ ಕಸಿದುಕೊಂಡಳು. “ಕಾಕಾ, ಕಣಗಿಲಿ ಬಿಸಲಾಗ ಬೆಳಿಯೂ ಗಿಡ. ಬೇರು ಕೊಳಿಸಿ ಕಾಕೂ ನೆಟ್ಟ ಹೂವು ಕಳಕೋತೀರೇನು?”

“ಸುಮ್ಮ ಕುಂದ್ರಾಕ ಆಗವಲ್ದವ್ವಾ. ಕೈ ಕೇಳವಲ್ದು.”

“ಹಂಗಾದ್ರ ನಮ್ಮನಿ ಕೊಡ ತುಂಬಿ ಕೊಡ್ರಿ. ನಳದ ಮುಂದ ಜಗಳಾಡಿ ನನಗ ಸಾಕಾಗೇತಿ.”

ದಾನಪ್ಪ ‘ಶಿವಾ’ ಎನ್ನುತ್ತ ಕೊಡ ಎತ್ತಿಕೊಂಡ. ತುಂಬಿಸಿಕೊಂಡು ಬರುವಾಗ ಕಾಲು ತಾನಾಗಿ ಗಿಡದ ಕಡೆ ತಿರುಗಿತು. ಅವನು ಒಂದು ಹನಿಯೂ ಚೆಲ್ಲದಂತೆ ಕೊಡವನ್ನು ಎರಡೂ ಕೈಯಿಂದ ತಬ್ಬಿಕೊಂಡು ಬೇಗಬೇಗ ಭಾಗವ್ವನ ಮನೆಯ ಮೆಟ್ಟಿಲು ಹತ್ತಿದ.