ರಾಸದ ಕೃಷ್ಣ

ಆಸ್ಟ್ರೇಲಿಯಾದ ಪರ್ತ್‌ನ ಎಲೆನ್‌ಬ್ರೂಕಿನಲ್ಲಿ ಅಂದು ಮಣಿಪುರಿ ರಾಸ, ಕೃಷ್ಣಲೀಲೆಯ ನೃತ್ಯ. ಶ್ರೀಹರಿಯ ಏಳು ವರ್ಷದ ಮಗಳು ನಿಸರ್ಗಳೇ ಕೃಷ್ಣ. ನವಿಲುಗರಿಯ ಕಿರೀಟ ಇಟ್ಟಮೇಲೆ, ರಾಸ ಮುಗಿಯುವ ತನಕ ಮಗು ಮಗುವಲ್ಲ, ದೇವರೇ. ಇಂಫಾಲದಿಂದ ಬಂದ ನೃತ್ಯಗುರು ಇಬೆಮ್ಹಲ್ ತಾವೇ ಮೊದಲು ಅವಳ ಕಾಲಿಗೆರಗಿದರು. ಹಿರಿಯರೆಲ್ಲ ಸಾಲಾಗಿ ನಮಸ್ಕರಿಸಿದರು.

“ಬಾಪ್ಪಾ ಶ್ರೀಹರಿ, ಇವತ್ತು ನೀನೂ ಮಗಳ ಕಾಲಿಗೆ ಬೀಳ್ಬೇಕು!” ಎಂದು, ಆಸ್ಪತ್ರೆಯ ವಿಷಯ ತಿಳಿಯದ ಪಕ್ಕದ ಮನೆಯ ಗುರುದತ್ ಅಂಕಲ್ ನಕ್ಕರು.

ಶ್ರೀಹರಿ ಆಸ್ಪತ್ರೆಯಿಂದ ನೇರ ಬಂದಿದ್ದ. ಹೆಂಡತಿ ಜ್ಯೋತ್ಸ್ನಾಳ ಆಸೆ ಬಿಡಿ ಎಂದು ಬೆಳಿಗ್ಗೆಯಷ್ಟೇ ಡಾಕ್ಟರು ಹೇಳಿದ್ದರು. ಅವನು ಪುಟ್ಟ ಪಾದಗಳನ್ನು ಹಿಡಿದು ಬಿಕ್ಕಿದ.

“ಕೃಷ್ಣಾ, ಜ್ಯೋತ್ಸ್ನಾನ ಉಳಿಸಿಕೊಡಪ್ಪಾ. ಇನ್ಯಾರನ್ನ ಕೇಳ್ಲಿ?”

ನಿಸರ್ಗ ಪಾದಗಳನ್ನು ಹಿಂದಕ್ಕೆಳೆದುಕೊಂಡಳು.

“ಅಪ್ಪಾ, ಅಮ್ಮಂಗೆ ಜಸ್ಟ್ ಫೀವರ್ ಅಂದಿದ್ಯಲ್ಲಾ?”

ಮದ್ದಳೆ ರಾಸಕ್ಕೆ ಕರೆಯುತ್ತಿತ್ತು. ಶ್ರೀಹರಿಗೆ ತಲೆ ಎತ್ತುವ ಧೈರ್ಯ ಬರಲಿಲ್ಲ.