ರಾಹುಕಾಲದಲ್ಲಿ ಬಿಚ್ಚಿದ ಹಗ್ಗ

"ಒಂಬತ್ತಾಯ್ತು," ಎಂದು ಶಂಭು ಗಡಿಯಾರ ನೋಡಿ ಜೆಟ್ಟಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಕೂತುಬಿಟ್ಟ. "ಶನಿವಾರ. ರಾಹುಕಾಲ ಶುರು. ಹತ್ತೂವರೆ ಆಗದೆ ನಾನು ದೋಣಿ ಹತ್ತುದಿಲ್ಲ."

ಪ್ರಣೀತಾ ಅಪ್ಪನನ್ನು ನೋಡಲಿಲ್ಲ, ನೀರನ್ನು ನೋಡಿದಳು. ಸಮುದ್ರದ ನೀರು ಒಳನುಗ್ಗುವ ಖಾಡಿ ತುಂಬಿ ನಿಂತಿತ್ತು. ಆದರೆ ಜೆಟ್ಟಿಯ ಕಂಬದ ಮೇಲೆ ಒದ್ದೆ ಗುರುತು ಆಗಲೇ ನೀರಿಗಿಂತ ಬೆರಳಗಲ ಮೇಲೆ ಉಳಿದಿತ್ತು. ಭರತ ಮುಗಿದು ಇಳಿತ ಶುರುವಾಗಿತ್ತು.

ಅಂದು ಅವಳ ಪರೀಕ್ಷೆ. ವಾಶಿ ಸೇತುವೆಯ ಬಳಿಯ ಸಣ್ಣ ಕ್ಲಬ್ಬೊಂದರಲ್ಲಿ ಅವಳು ಒಂದು ವರ್ಷದಿಂದ ಹಾಯಿದೋಣಿ ನಡೆಸಲು ಕಲಿಯುತ್ತಿದ್ದಳು. ಪಾಸಾದರೆ ತಾನೇ ಕ್ಯಾಪ್ಟನ್ ಆಗಿ ದೋಣಿ ಒಯ್ಯಬಹುದು. ಫೇಲಾದರೆ ಪ್ರತಿ ಶನಿವಾರ ವರ್ತಕ ನಗರದಲ್ಲಿ ಅಪ್ಪನ ಹೊಟೇಲಿನ ಗಲ್ಲಾದಲ್ಲಿ ಕೂರಬೇಕು. ಮನೆಯಲ್ಲಿ ಹಾಗೆಂದೇ ಮಾತಾಗಿತ್ತು. ಪರೀಕ್ಷೆಗೆ ಹೊರಗಿನವರು ಒಬ್ಬರಾದರೂ ಪ್ರಯಾಣಿಕರಾಗಿ ಬರಬೇಕೆಂಬುದು ಕ್ಲಬ್ಬಿನ ನಿಯಮ. ಅದಕ್ಕಾಗಿ ಅಪ್ಪನನ್ನೂ ಮಾಮ ಗಣಪತಿಯನ್ನೂ ಕರೆತಂದಿದ್ದಳು.

ಮಾಮನಿಗೆ ಖಾರಘರದಲ್ಲಿ ಬಾರ್ ಇತ್ತು, ಇದೇ ಜೆಟ್ಟಿಯಲ್ಲಿ ಹೊಸ ಮೋಟಾರು ದೋಣಿಯೂ ಇತ್ತು. ದೋಣಿಗೆ ಹೂವಿನ ಹಾರ, ಲಿಂಬೆಹಣ್ಣು, ಮೆಣಸಿನಕಾಯಿ ಎಲ್ಲ ಕಟ್ಟಿದ್ದ. ಅದನ್ನು ನಡೆಸಲು ಮಾತ್ರ ಯಾರಿಂದಲೂ ಕಲಿತಿರಲಿಲ್ಲ. ಪ್ರಣೀತಾ ಚಾಚಿದ ಲೈಫ್ ಜಾಕೆಟನ್ನು ಅವನು ಎರಡು ಬೆರಳಲ್ಲಿ ಹಿಡಿದು ಕೆಳಗಿಟ್ಟ.

"ನಾನು ಮಲ್ಪೆಯವ ಮಾರಾಯ್ತಿ. ಎದೆಗೆ ದಿಂಬು ಕಟ್ಟಿಕೊಂಡು ಹೋದರೆ ಮೀನು ಸಹ ನಗ್ತದೆ."

"ಮಾಮಾ, ನೀವು ಮಲ್ಪೆ ಬಿಟ್ಟಿದ್ದು ಐದನೇ ಕ್ಲಾಸಲ್ಲಿ. ಈಜೂ ಬರಲ್ಲ ನಿಮಗೆ."

"ರಕ್ತದಲ್ಲಿ ಉಂಟು."

"ರಕ್ತ ತೇಲಲ್ಲ ಮಾಮಾ."

ಪರೀಕ್ಷಕಿ ಅಪರ್ಣಾ ಆಗಲೇ ದೋಣಿಯಲ್ಲಿ ಕೂತಿದ್ದರು. ಮೈಸೂರಿನವರು, ಹಡಗಿನ ಕೆಲಸ ಬಿಟ್ಟು ಇಲ್ಲಿ ಕಲಿಸುತ್ತಿದ್ದರು. "ನಿರ್ಧಾರ ನಿಮ್ದು ಕ್ಯಾಪ್ಟನ್. ಇವತ್ತು ತಪ್ಪಿದ್ರೆ ಮಳೆಗಾಲ ಮುಗಿದ್ಮೇಲೇನೇ," ಎಂದರು.

"ಕಾಯುವ," ಎಂದ ಶಂಭು. "ಒಂದೂವರೆ ಗಂಟೆಯಲ್ಲಿ ನೀರು ಎಲ್ಲಿಗಾದರೂ ಓಡಿಹೋಗ್ತದಾ?"

"ಹೌದು ಪಪ್ಪಾ, ಓಡಿಹೋಗುತ್ತೆ. ಹತ್ತೂವರೆಗೆ ಹೊರಟರೆ ವಾಪಸ್ ಬರುವಾಗ ಕೆಸರಲ್ಲಿ ಕೂರ್ತೀವಿ. ಈಗ ಬನ್ನಿ, ಜಾಕೆಟ್ ಹಾಕ್ಕೊಂಡು ಬನ್ನಿ. ಇಲ್ಲಾಂದ್ರೆ ಇಬ್ಬರೂ ಇಲ್ಲೇ ಇರಿ."

"ಯಾರಿಗೆ ಹೇಳ್ತಾ ಇದ್ದಿ ನೀನು?"

"ಪ್ರಯಾಣಿಕರಿಗೆ."

ಮಾಮ ಗಹಗಹಿಸಿ ನಕ್ಕ. ಅಪ್ಪ ನಗಲಿಲ್ಲ, ಏಳಲೂ ಇಲ್ಲ. ಪರೀಕ್ಷೆ ಹೋಯಿತು ಎಂದುಕೊಂಡಳು ಪ್ರಣೀತಾ. ಹೋದರೆ ಹೋಗಲಿ.

ಆಗ, ಬೀಳ್ಕೊಡಲೆಂದು ಜೊತೆಗೆ ಬಂದಿದ್ದ ಅಮ್ಮ ರತ್ನಾವತಿ ಹಿಂದಿನಿಂದ ಮಗಳ ಕೈಗೆ ಗೋಳಿಬಜೆಯ ಡಬ್ಬಿ ಕೊಟ್ಟು ಚಪ್ಪಲಿ ಕಳಚಿದಳು. ಮಲ್ಪೆಯ ಅವಳ ತವರುಮನೆಯ ಹೆಂಗಸರು ತಲೆಮಾರುಗಳಿಂದ ಮೀನು ಹೊತ್ತು ಮಾರಿದ್ದರು. ಒಬ್ಬಳೂ ದೋಣಿ ಹತ್ತಿರಲಿಲ್ಲ. ಹೆಂಗಸು ಹತ್ತಿದರೆ ಬಲೆಗೆ ಮೀನು ಬೀಳುವುದಿಲ್ಲವಂತೆ.

"ಆ ಕಿತ್ತಳೆ ಬಣ್ಣದ್ದು ಕೊಡು. ಸೀರೆಯ ಮೇಲೆ ಹೇಗೆ ಕಟ್ಟುದು ಇದನ್ನು?"

"ನೀನೆಂತ ಹೋಗುದು?" ಶಂಭು ಎದ್ದುನಿಂತ. "ನಮ್ಮಲ್ಲಿ ಹೆಂಗಸರು ಹತ್ತುವ ಕ್ರಮ ಉಂಟಾ?"

"ಹಾಗಾದರೆ ನೀವು ಹತ್ತಿ."

ಅವನು ಮತ್ತೆ ಗಡಿಯಾರ ನೋಡಿದ. ರತ್ನಾವತಿ ದೋಣಿಗಿಳಿದಳು. ಪ್ರಣೀತಾ ಅವಳ ಜಾಕೆಟಿನ ಬಕಲ್ ಎಳೆದು ನೋಡಿ, ಎಲ್ಲಿ ಕೂರಬೇಕು, ಏನನ್ನು ಹಿಡಿಯಬಾರದು, ಹಾಯಿಯ ಅಡ್ಡಮರ ತಿರುಗುವಾಗ ತಲೆ ಹೇಗೆ ಬಗ್ಗಿಸಬೇಕು ಎಂದು ಹೇಳಿಕೊಟ್ಟಳು. ನಂತರ ರಾಹುಕಾಲದ ನಟ್ಟನಡುವೆ ಹಗ್ಗ ಬಿಚ್ಚಿದಳು.

ಗಾಳಿ ಚೆನ್ನಾಗಿತ್ತು. ಸೇತುವೆಯ ಮೇಲೆ ಲೋಕಲ್ ರೈಲು ದಡದಡಿಸಿ ಹೋಯಿತು. ದಾರಿಗುರುತಾಗಿ ನೀರಲ್ಲಿ ತೇಲುತ್ತಿದ್ದ ಕೆಂಪು ಬೋಯಾ ಸುತ್ತಿ ಬರುವಾಗ ಅಪರ್ಣಾ ಹೇಳದೆ ಕೇಳದೆ ಖಾಲಿ ಕ್ಯಾನೊಂದನ್ನು ನೀರಿಗೆಸೆದರು. "ಒಬ್ರು ಬಿದ್ರು. ನಿಮ್ಮಪ್ಪ ಅಂದ್ಕೊಳ್ಳಿ."

ಪ್ರಣೀತಾ ದೋಣಿ ತಿರುಗಿಸಿ ಗಾಳಿಗೆದುರಾಗಿ ತಂದಳು. ಮೊದಲ ಸಲ ಕ್ಯಾನ್ ಕೈಗೆ ಸಿಗಲಿಲ್ಲ.

"ಮುಳುಗಿದ್ರಾ?" ಎಂದಳು ರತ್ನಾವತಿ.

"ಇಲ್ಲ ಮಮ್ಮಿ, ಕೂಗಾಡ್ತಿದಾರೆ."

ಎರಡನೆಯ ಸಲ ಸಿಕ್ಕಿತು.

ಜೆಟ್ಟಿ ಕಾಣುವಷ್ಟು ಹತ್ತಿರ ಬಂದಾಗ ಮಾಮನ ಮೋಟಾರು ದೋಣಿ ಕಂಡಿತು. ಹತ್ತೂವರೆ ಹೊಡೆದದ್ದೇ ಶುಭಗಳಿಗೆಯೆಂದು ಅವನು ಶಂಭುವನ್ನೂ ಕೂರಿಸಿಕೊಂಡು ಹೊರಟು, ಆಳದ ದಾರಿ ಬಿಟ್ಟು, ತೀರದ ಜವುಗಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳ ಕಡೆಯಿಂದ ಅಡ್ಡದಾರಿ ಹಿಡಿದಿದ್ದ. ದೋಣಿ ಕೆಸರಿನಲ್ಲಿ ಓರೆಯಾಗಿ ಕೂತಿತ್ತು. ಹಾರ ಕೆಸರಿಗೆ ಜೋತುಬಿದ್ದಿತ್ತು. ಮೈಮೇಲೆ ಜಾಕೆಟಿಲ್ಲದೆ ಅಪ್ಪ ಒಂದು ತುದಿಯಲ್ಲಿ, ಮಾಮ ಇನ್ನೊಂದು ತುದಿಯಲ್ಲಿ.

"ಹತ್ತಿರ ಬಾ! ಹಗ್ಗ ಕಟ್ಟಿ ಎಳಿ!" ಎಂದು ಮಾಮ ಕೂಗಿದ.

ಪ್ರಣೀತಾ ಬಿದಿರುಕೋಲು ಇಳಿಸಿ ಆಳ ನೋಡಿದಳು. ಇನ್ನು ಸ್ವಲ್ಪ ಮುಂದೆ ಹೋದರೆ ತಾನೂ ಕೂರುವುದೇ. ಹಾಯಿ ಇಳಿಸಿ, ಆಳದಲ್ಲೇ ಲಂಗರು ಹಾಕಿದಳು.

"ಬರಲ್ಲ ಮಾಮಾ."

"ಎಂತ ಅಹಂಕಾರ ನೋಡು! ಸರಿ, ನಾನೇ ಇಳಿದು ನಡೀತೇನೆ." ಮಾಮ ಒಂದು ಕಾಲು ಹೊರಗೆ ಹಾಕಿದ.

"ಇಳೀಬೇಡಿ!" ಅವಳ ದನಿಗೆ ಗಿಡಗಳ ಬುಡದಿಂದ ಬಕಗಳು ಹಾರಿದವು. "ಆ ಕೆಸರು ಸೊಂಟದವರೆಗೆ ಎಳ್ಕೊಳ್ಳುತ್ತೆ. ಪಪ್ಪಾ, ಅವರ ಅಂಗಿ ಹಿಡೀರಿ!"

ಶಂಭು ಹಿಡಿದ. ಮಗಳು ಹೇಳಿದ್ದನ್ನು ಅವನು ಅಂದು ಮೊದಲ ಬಾರಿಗೆ ಕೇಳಿದ್ದ.

"ಎಷ್ಟು ಹೊತ್ತು ಹೀಗೇ ಕೂರುದು?" ಎಂದು ಕೇಳಿದ.

"ಸಂಜೆ ದೀಪ ಹಚ್ಚುವ ಹೊತ್ತಿಗೆ ನೀರು ಬರುತ್ತೆ. ಕ್ಲಬ್ಬಿಗೆ ರೇಡಿಯೊದಲ್ಲಿ ಹೇಳ್ತೀನಿ, ನಿಮ್ಮ ಮೇಲೆ ಕಣ್ಣಿಟ್ಟಿರ್ತಾರೆ."

"ಕುಡಿಯಲು ನೀರಾದರೂ ಉಂಟಾ ಮಾರಾಯ್ತಿ?" ಮಾಮನ ದನಿ ಇಳಿದಿತ್ತು.

"ಇದೆ."

ಅವಳು ಎಸೆಯುವ ಹಗ್ಗಕ್ಕೆ ಬಾಟಲಿಗಳನ್ನು ಕಟ್ಟಲಿಲ್ಲ. ದೋಣಿಯಲ್ಲಿ ಉಳಿದಿದ್ದ ಎರಡು ಲೈಫ್ ಜಾಕೆಟ್ ಕಟ್ಟಿ ಎಸೆದಳು. ಮಾಮನ ದೋಣಿಯ ಅಂಚಿಗೆ ಅವು ಥಪ್ಪೆಂದು ಬಿದ್ದವು.

"ಇದೆಂತ? ನಾನು ನೀರು ಕೇಳಿದ್ದು!"

"ಮೊದಲು ಅದು. ಆಮೇಲೆ ನೀರು."

ಶಂಭು ಒಂದನ್ನೆತ್ತಿಕೊಂಡು ತೋಳು ತೂರಿಸಿದ. ಮಾಮ ಅಕ್ಕನ ಕಡೆ ನೋಡಿದ. ರತ್ನಾವತಿ ಡಬ್ಬಿ ತೆರೆದು ಗೋಳಿಬಜೆಯೊಂದನ್ನು ಬಾಯಿಗೆ ಹಾಕಿಕೊಂಡಳು. "ನನ್ನನ್ನೆಂತ ನೋಡುದು? ಕ್ಯಾಪ್ಟನ್ ಹತ್ರ ಕೇಳು."

"ಮುಂದಿನ ಶನಿವಾರ ನಾನು ಬರಲ್ಲ," ಎಂದರು ಅಪರ್ಣಾ, ಪ್ರಣೀತಾಳಿಗೆ ಮಾತ್ರ ಕೇಳುವಂತೆ. "ದೋಣಿ ನೀವೇ ತೊಗೊಂಡ್ಹೋಗಿ."

ಪ್ರಣೀತಾ ತಲೆಯಾಡಿಸಿದಳು. ಕಣ್ಣು ಮಾಮನ ಮೇಲಿಂದ ಕದಲಲಿಲ್ಲ. ಅವನು ಹೊಟ್ಟೆ ಒಳಗೆಳೆದುಕೊಂಡು ಜಾಕೆಟಿನ ಪಟ್ಟಿ ಎಳೆಯುತ್ತಿದ್ದ. ಬಕಲ್ ಇನ್ನೂ ಸಿಕ್ಕಿಕೊಂಡಿರಲಿಲ್ಲ. ನೀರಿನ ಬಾಟಲಿ ಅವಳ ಕೈಯಲ್ಲೇ ಇತ್ತು.