ಧನಿಗಳ ಕಾರಿನ ಸೀಟು

“ಕೈ ತೆಗಿ ಬೇವರ್ಸಿ. ಬಾಗಿಲಿಗೆ ಕೈ ಹಾಕ್ಬೇಡ. ಎಲ್ಲಿಂದ ಸುರು ಮಾಡುದು, ಯಾರು ಎಂತ ಮಾಡುದು ಅಂತ ನಾನು ಹೇಳುವ ಮೊದ್ಲೇ ನಿಂಗೆ ಎಂತ ಅರ್ಜೆಂಟು? ಹೆಂಡ್ತಿಯನ್ನು ಹತ್ತಿಸುವಾಗ್ಲೂ ನನ್ನತ್ರ ಕೇಳ್ಲಿಲ್ಲ, ಈಗ ತೊಳಿಲಿಕ್ಕೂ ಕೇಳುದಿಲ್ವಾ?”

ಚನಿಯ ಬಾಗಿಲಿನಿಂದ ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡ. ನೀರು ತುಂಬಿದ ಕೊಡ ಅವನ ಕಾಲ ಬಳಿ ಇತ್ತು. ಕೊಟ್ಟಿಗೆಯ ಎದುರಿನ ಬಯಲಿನಲ್ಲಿ ಧನಿಗಳ ಕರಿಯ ಕಾರು ನಿಂತಿತ್ತು. ಮಂಗಳೂರಿನ ಯಾರೋ ಬಿಳಿ ದೊರೆ ಊರು ಬಿಟ್ಟು ಹೋಗುವಾಗ ಮಾರಿದ್ದ ಹಳೆಯ ಕಾಲದ ಕಾರು ಅದು; ಎರಡೂ ಬದಿಗೆ ಕಾಲಿಟ್ಟು ಹತ್ತುವ ಉದ್ದನೆಯ ಹಲಗೆ ಇತ್ತು. ಇಡೀ ಮರ್ಕಂಜಕ್ಕೆ ಬೇರೆ ಕಾರು ಇರಲಿಲ್ಲ. ಆದ್ದರಿಂದ ಅದಕ್ಕೂ ಧನಿಗಳಿಗೆ ಸಿಗುವಷ್ಟೇ ಮರ್ಯಾದೆ ಸಿಗುತ್ತಿತ್ತು. ದಾರಿಯಲ್ಲಿ ಖಾಲಿ ಕಾರು ಬಂದರೂ ಚನಿಯನ ಕೇರಿಯವರು ಮುಂಡಾಸು ಬಿಚ್ಚಿ ಗುಡ್ಡೆ ಹತ್ತಿ ನಿಲ್ಲುತ್ತಿದ್ದರು.

ಧನಿ ಮಹೇಶ್ವರ ಭಟ್ಟರು ಹಲಸಿನ ಮರದ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮರುದಿನ ಮಗಳು ಮನೋರಮಾಳ ಮದುವೆ. ಮದುಮಗ ಬಸ್ಸು ಇಳಿಯುವಲ್ಲಿಂದ ಚಪ್ಪರದವರೆಗೆ ಈ ಕಾರಿನಲ್ಲೇ ಬರಬೇಕು. ಆ ಕಾರಿನಲ್ಲಿ ನಿನ್ನೆ ಚನಿಯನ ಹೆಂಡತಿ ಅಂಗಾರೆ ಹೆತ್ತಿದ್ದಳು.

“ಸರಕಾರ ಮದ್ರಾಸು ಹೋಗಿ ಮೈಸೂರಾಯ್ತು ಅಂತ ನೀವು ಕಾರಲ್ಲಿ ಹೋಗುದಾ?” ಎಂದರು ಭಟ್ಟರು. ಆಮೇಲೆ ಡ್ರೈವರ್ ಅದ್ರಾಮನ ಕಡೆ ತಿರುಗಿದರು. “ನಿನ್ನ ವಿಚಾರ ಮದುವೆ ಕಳಿಲಿ ಬ್ಯಾರಿ, ಮತ್ತೆ ಮಾತಾಡುವ.”

ಅದ್ರಾಮ ಟೊಪ್ಪಿ ಸರಿಮಾಡಿಕೊಂಡು ನೆಲ ನೋಡಿದ. ಅವನ ತಪ್ಪು ಇಷ್ಟೇ. ಸುಳ್ಯದಲ್ಲಿ ರಿಪೇರಿ ಮಾಡಿಸಿ ಖಾಲಿ ಕಾರು ತರುತ್ತಿದ್ದಾಗ ದಾರಿ ಬದಿಯಲ್ಲಿ ಅಂಗಾರೆಯನ್ನು ಕಂಬಳಿಯ ಜೋಲಿಯಲ್ಲಿ ಮಲಗಿಸಿಕೊಂಡು ನಿಂತ ಚನಿಯನನ್ನು ಕಂಡಿದ್ದ. ಹಿಂದಿನ ದಿನದಿಂದ ನೋವು ತಿನ್ನುತ್ತಿದ್ದವಳು. ಬಸ್ಸಿನವನು ಹತ್ತಿಸಿರಲಿಲ್ಲ. ಅದ್ರಾಮ ಹತ್ತಿಸಿದ್ದ. ಜೊತೆಗಿದ್ದ ಸೂಲಗಿತ್ತಿ ಮುದುಕಿ ಮಾತ್ರ, “ಧನಿಗಳ ಕಾರಿಗೆ ನಾನು ಬರುದಿಲ್ಲಪ್ಪ, ನಂಗೆ ಹೆದ್ರಿಕೆ” ಎಂದು ಅಲ್ಲೇ ಉಳಿದಳು.

ಭಟ್ಟರು ಬೆರಳು ಮಡಚಿ ಕೆಲಸದ ಲೆಕ್ಕ ಸುರು ಮಾಡಿದರು.

“ಮೊದ್ಲು ಚಕ್ರ. ಮತ್ತೆ ಮಡ್‌ಗಾರ್ಡಿನ ಅಡಿ, ಅಲ್ಲಿ ಕೆಸರು ಕಚ್ಚಿಕೊಂಡು ಉಂಟು, ಕೋಲಲ್ಲಿ ಕೆರೆದು ತೆಗಿಬೇಕು. ಮತ್ತೆ ಮೈ ಪೂರ ಅಂಟುವಾಳದ ನೊರೆಯಲ್ಲಿ ತೊಳಿ. ಅದು ಒಣಗಿದ ಮೇಲೆ ತೆಂಗಿನೆಣ್ಣೆ ಹಾಕಿ ಉಜ್ಜುದು, ಮುಖ ಕಾಣ್ಬೇಕು ಅದ್ರಲ್ಲಿ. ಹೊರಗಿನದ್ದು ಚನಿಯ. ಒಳಗೆ... ಒಳಗೆ ಯಾರು?”

ಇಲ್ಲಿಗೆ ಬಂದು ಭಟ್ಟರ ಬೆರಳು ನಿಂತಿತು. ಗಲೀಜು ಮಾಡಿದವನೇ ತೊಳೆಯಬೇಕು, ಅದು ನ್ಯಾಯ. ಆದರೆ ಚನಿಯ ಒಳಗೆ ಕೈ ಹಾಕಿದರೆ ತೊಳೆದದ್ದೂ ಮೈಲಿಗೆ. ಅವನು ತೊಳೆದ ಮೇಲೆ ಅದ್ರಾಮ ಒರಸಬಹುದು. ಆದರೆ ಅವನು ಬ್ಯಾರಿ, ಮುಸಲ್ಮಾನ. ದಿನಾ ಸ್ಟೇರಿಂಗು ಹಿಡಿಯಲಿಕ್ಕೆ ಆಗುತ್ತದೆ, ಶುದ್ಧ ಮಾಡಲಿಕ್ಕೆ ಆಗುವುದಿಲ್ಲ. ಸೆಗಣಿನೀರು ಚಿಮುಕಿಸೋಣವೆಂದರೆ ಸೀಟಿನ ಬಣ್ಣ ಹೋದೀತೆಂಬ ಭಯ. ಸೀಟು ಚರ್ಮದ್ದು. ಆ ಚರ್ಮ ಸತ್ತ ದನದ ಮೈಯಿಂದ ಯಾರ ಕೈ ದಾಟಿ ಬಂತು ಎಂದು ಭಟ್ಟರು ಇಷ್ಟು ವರ್ಷ ಕೂತರೂ ಯೋಚಿಸಿದವರಲ್ಲ. ಕೊನೆಗೆ ಎಲ್ಲರೂ ಮುಟ್ಟಿ ಆದ ಮೇಲೆ ಪುರೋಹಿತರಿಂದ ಪುಣ್ಯಾಹದ ನೀರು ಹಾಕಿಸುವುದು ಎಂದು ತೀರ್ಮಾನವಾಯಿತು. ಕಾರು ಒಂದೇ, ತೊಳೆಯಲಿಕ್ಕೆ ಮಾತ್ರ ಮೂರು ಜಾತಿ ಬೇಕಾಯಿತು.

“ಧನಿ,” ಎಂದ ಚನಿಯ. “ನಾನು ಹೋಗ್ಬೇಕಿತ್ತು. ಹನ್ನೆರಡರ ಬಸ್ಸಿಗೆ ಸಿಕ್ಕಿದ್ರೆ... ಆಸ್ಪತ್ರೆಯವರು ಇವತ್ತು ಸಾಯಂಕಾಲದೊಳಗೆ ಬಾ ಅಂತ ಹೇಳಿದ್ದಾರೆ. ತಡ ಆದ್ರೆ ಮಗುವನ್ನು ಅವರೇ ಎಲ್ಲಾದ್ರೂ ಹುಗಿತಾರಂತೆ.”

“ಸತ್ತದ್ದಲ್ವಾ ಅದು? ಅವರು ಹುಗಿದ್ರೆಂತ, ನೀನು ಹುಗಿದ್ರೆಂತ? ಕೆಲ್ಸ ಮುಗಿಸಿ ಹೋಗು. ಯಾರು ಹಿಡ್ಕೊಂಡಿದ್ದಾರೆ ನಿನ್ನನ್ನು?”

ಚನಿಯ ಕೊಡ ಎತ್ತಿ ಚಕ್ರಕ್ಕೆ ನೀರು ಹೊಯ್ದ. ಅವನನ್ನು ಯಾರೂ ಹಿಡಿದುಕೊಂಡಿರಲಿಲ್ಲ, ಅದೇ ಅವನನ್ನು ಕೊಲ್ಲುತ್ತಿತ್ತು. ನಿನ್ನೆ ಸಂಜೆ ಪುತ್ತೂರಿನ ಆಸ್ಪತ್ರೆಯ ಜಗಲಿಯಲ್ಲಿ ಅಂಗಾರೆ ಅವನ ಕೈ ಹಿಡಿದು, “ಅದನ್ನು ಅವರಿಗೆ ಬಿಡ್ಬೇಡಿ. ನಮ್ಮ ಗುಡ್ಡೆಯಲ್ಲೇ ಇಡುವ” ಎಂದಿದ್ದಳು. ಅವನು ಹೂಂ ಎಂದಿದ್ದ. ಹೂಂ ಎಂದವನು, ಧನಿಗಳು ಮಂಗಳೂರಿನಿಂದ ಬರುವ ಮೊದಲು ಕಾರು ತೊಳೆದಿಡಬೇಕು ಎಂದು ಬೆಳಗಾಗುವ ಮೊದಲೇ ಅದ್ರಾಮನ ಜೊತೆ ಹೊರಟು ಬಂದಿದ್ದ. ಹೆಂಡತಿಯನ್ನೂ ಸತ್ತ ಮಗುವನ್ನೂ ಬಿಟ್ಟು ಕಾರು ತೊಳೆಯಲು ಬಂದ ಗಂಡಸು ತಾನೊಬ್ಬನೇ ಇರಬೇಕು ಎಂದು ಅವನಿಗೆ ನಾಚಿಕೆಯಾಯಿತು. ಬಂದರೆ ಧನಿಗಳು ಆಗಲೇ ಅಂಗಳದಲ್ಲಿ ನಿಂತಿದ್ದರು.

ಕೆಸರು ಕೆರೆದ. ನೊರೆ ಹಚ್ಚಿದ. ಹಲಗೆ ತೊಳೆಯುವಾಗ ಅವನ ಕೈ ನಿಧಾನವಾಯಿತು. ನಿನ್ನೆ ದಾರಿಯುದ್ದಕ್ಕೂ ಅವನು ನಿಂತದ್ದು ಈ ಹಲಗೆಯ ಮೇಲೆ.

“ಒಳಗೆ ಕೂರು ಮಾರಾಯ, ಅವಳನ್ನು ಸೀಟಿನ ಮೇಲೆ ಮಲಗಿಸು” ಎಂದು ಅದ್ರಾಮ ಎರಡೆರಡು ಸಲ ಹೇಳಿದ್ದ. ಚನಿಯನೇ ಒಪ್ಪಿರಲಿಲ್ಲ. “ಬೇಡ ಬ್ಯಾರಿಗಳೇ, ಧನಿಗಳು ಕೂರುವ ಜಾಗ ಅದು” ಎಂದು ಸೀಟಿನ ಅಡಿಯ ಇಕ್ಕಟ್ಟಿನಲ್ಲಿ ಅಡಿಕೆ ಹಾಳೆ ಹಾಸಿ ಅವಳನ್ನು ಮುದುಡಿಸಿ ಮಲಗಿಸಿದ್ದ. ತಾನು ಹೊರಗೆ ಕಿಟಕಿಯ ಕಂಬಿ ಹಿಡಿದು ನಿಂತಿದ್ದ. ಬೆಳ್ಳಾರೆ ದಾಟಿದ ಮೇಲೆ ಅವಳು ಒಳಗಿನಿಂದ, “ಬಂತು, ಹಿಡ್ಕೊಳ್ಳಿ, ಒಮ್ಮೆ ಒಳಗೆ ಬನ್ನಿ” ಎಂದು ಕೂಗಿದ್ದಳು. ಅವನು ಧೂಳಿಗೆ ಕಣ್ಣು ಮುಚ್ಚಿಕೊಂಡು, “ಪುತ್ತೂರು ಬಂತು, ಈಗ ಬಂತು” ಎನ್ನುತ್ತಲೇ ಇದ್ದ. ಬಾಗಿಲು ಅವನ ಕೈಯಳತೆಯಲ್ಲೇ ಇತ್ತು. ಅದನ್ನು ತೆಗೆಯಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ. ಆಸ್ಪತ್ರೆಯ ಎದುರು ಅದ್ರಾಮ ಬಾಗಿಲು ತೆಗೆದಾಗ ಮಗು ಹಾಳೆಯಿಂದ ಜಾರಿ ಬರಿಯ ತಗಡಿನ ಮೇಲೆ ಮುಖ ಅಡಿಯಾಗಿ ಬಿದ್ದಿತ್ತು. ಗಂಡು ಮಗು. “ಹುಟ್ಟುವಾಗ ಜೀವ ಇತ್ತು. ಹಿಡಿಲಿಕ್ಕೆ ಒಂದು ಕೈ ಇರ್ಲಿಲ್ವಾ ನಿಮ್ಮಲ್ಲಿ?” ಎಂದು ನರ್ಸಮ್ಮ ಕೇಳಿದಾಗ ಚನಿಯ ತನ್ನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.

ಬಿಸಿಲು ಏರಿತು. ಅದ್ರಾಮ ಎಣ್ಣೆಯ ಕುಪ್ಪಿ ಕೊಡುವ ನೆವದಲ್ಲಿ ಹತ್ತಿರ ಬಂದ.

“ಬಸ್ಸಿನ ಹೊತ್ತಾಯ್ತು. ಬಿಟ್ಟು ಓಡು ನೀನು. ಉಳಿದದ್ದು ನಾನು ಮಾಡ್ತೇನೆ.”

“ನಿಮ್ಮ ಕೆಲ್ಸ ಹೋಗ್ತದೆ.”

“ಅದು ಹೋಗಿ ಆಯ್ತು ಮಾರಾಯ. ಮದುವೆ ಅಂತ ಇಟ್ಕೊಂಡಿದ್ದಾರೆ, ಅಷ್ಟೆ.”

ಚನಿಯ ಎಣ್ಣೆ ಉಜ್ಜುತ್ತಲೇ ಇದ್ದ. ಧನಿಗಳು ನೋಡುತ್ತಿರುವಾಗ ಬೆನ್ನು ಹಾಕಿ ಹೋಗುವುದು ಅವನ ಕಾಲುಗಳಿಗೆ ಗೊತ್ತಿರಲಿಲ್ಲ. ಕರಿಯ ಬಾಗಿಲಲ್ಲಿ ಅವನ ಮುಖ ಕಂಡಿತು. ನೋಡಲಾಗದೆ ಬೇರೆ ಕಡೆ ಉಜ್ಜಿದ. ಆಗಲೇ ದೂರದ ತಿರುವಿನಲ್ಲಿ ಬಸ್ಸು ಹಾರನ್ನು ಹಾಕಿತು, ಗೇರು ಬದಲಿಸಿತು, ಹೋಯಿತು. ಅಂದಿಗೆ ಪುತ್ತೂರಿಗೆ ಬೇರೆ ಬಸ್ಸು ಇರಲಿಲ್ಲ.

“ಆಯ್ತಾ ಹೊರಗಿನದ್ದು? ಇನ್ನು ಒಳಗಿನದ್ದು,” ಭಟ್ಟರು ಎದ್ದು ಎರಡು ಮಾರು ದೂರ ಬಂದು ನಿಂತು ಬಗ್ಗಿ ನೋಡಿದರು. “ಅಡಿ ತೊಳಿ. ಸೀಟಿನಲ್ಲಿ ಎಲ್ಲೆಲ್ಲಿ ತಾಗಿತ್ತು ಹೇಳು, ಅಷ್ಟನ್ನು ಬೇರೆ ಮಾಡಿಸ್ತೇನೆ. ಸುಳ್ಳು ಹೇಳ್ಬೇಡ.”

“ಸೀಟಿಗೆ ತಾಗ್ಲಿಲ್ಲ ಧನಿ.”

“ಹೆತ್ತವಳು ಮೇಲೆ ಮಲಗಿದ ಮೇಲೆ ತಾಗದೆ ಇರ್ತದಾ?”

“ಅವಳು ಮೇಲೆ ಮಲಗ್ಲಿಲ್ಲ. ಅಡಿಯಲ್ಲಿ ಹಾಳೆ ಹಾಕಿ ಮಲಗಿಸಿದ್ದು. ನಾನು ಹೊರಗೆ ನಿಂತಿದ್ದೆ.”

“ಸೀಟು ಖಾಲಿ ಇತ್ತಾ?”

“ಖಾಲಿ ಇತ್ತು.”

ಭಟ್ಟರ ಮುಖ ಬೆಳಗಿತು. ಬೆಳಗಿನಿಂದ ಬೈದ ಬಾಯಿಯೇ ಮೃದುವಾಯಿತು.

“ನೋಡು, ಅದು ಮರ್ಯಾದೆ ಅಂದ್ರೆ. ನಿನ್ನ ಅಪ್ಪನೂ ಹಾಗೇ ಇದ್ದ. ಬೇರೆಯವರಾದ್ರೆ ಕಾಲು ನೀಡಿ ಮೇಲೆ ಕೂರ್ತಿದ್ರು. ಒಳ್ಳೆ ಕೆಲ್ಸ ಮಾಡಿದೆ ಚನಿಯ. ಹೋಗುವಾಗ ನಮ್ಮ ಮನೆ ಅಮ್ಮನತ್ರ ಕೇಳು, ಒಂದು ಹಳೆ ವಸ್ತ್ರ ಕೊಡ್ಲಿ. ಮಗುವಿಗೆ ಸುತ್ಲಿಕ್ಕೆ ಆಗ್ತದೆ.”

ಬೈಗುಳ ಚನಿಯನಿಗೆ ಹೊಸದಲ್ಲ. ಅದು ಬೆನ್ನ ಮೇಲೆ ಬಿದ್ದು ಜಾರಿ ಹೋಗುತ್ತಿತ್ತು. ಈ ಹೊಗಳಿಕೆ ಜಾರಲಿಲ್ಲ. ಯಾವ ಕೆಲಸಕ್ಕೆ ಅವನಿಗೆ ನಿನ್ನೆಯಿಂದ ಸಾಯುವಷ್ಟು ನಾಚಿಕೆಯಾಗುತ್ತಿತ್ತೋ ಅದೇ ಕೆಲಸವನ್ನು ಧನಿಗಳು ಮೆಚ್ಚಿದ್ದರು.

ಅವನು ಬಾಗಿಲು ತೆಗೆದ. ಅಡಿಯಲ್ಲಿ ಒಣಗಿ ಕಪ್ಪಾಗಿದ್ದ ರಕ್ತ ಕಂಡಿತು. ಅದರ ಮೇಲೆ ಕಾಲಿಡದೆ ದಾಟಿ, ಕೆಸರು ಮೆತ್ತಿದ ಮೈಯಲ್ಲಿ, ಒದ್ದೆ ಮುಂಡಿನಲ್ಲಿ ಸೀಟಿನ ನಡುವೆ ಕೂತ.

“ಏ... ಎಂತದು ಅದು? ಇಳಿ. ಇಳಿ ಸೂಳೆಮಗನೆ, ನಾಳೆ ಮದುಮಗ ಕೂರುವ ಜಾಗ ಅದು.”

“ಮತ್ತೆ ತೊಳಿವ, ಧನಿ. ಹೇಗೆ ತೊಳಿಬೇಕು ಅಂತ ನಿಮಗೆ ಗೊತ್ತುಂಟಲ್ಲ.” ಚನಿಯನ ದನಿ ಏರಲಿಲ್ಲ. ಧನಿಗಳ ಮುಖವನ್ನು ಅವನು ನೇರವಾಗಿ ನೋಡಿದ್ದು ಅದೇ ಮೊದಲು. ಮುದುಕನ ಮುಖ, ಎಡಗಣ್ಣಿನ ಕೆಳಗೆ ಒಂದು ನರುಳ್ಳೆ. “ಬ್ಯಾರಿಗಳೇ, ಪುತ್ತೂರಿಗೆ ಬಿಡಿ. ಬಸ್ಸು ಹೋಯ್ತು. ನನ್ನ ಮಗ ಅಲ್ಲಿ ಉಂಟು.”

ಭಟ್ಟರು ಕೋಲಿಗಾಗಿ ಕೂಗಿದರು. ಕೊಟ್ಟಿಗೆಯ ಆಳುಗಳು ಬಂದರು, ಕಾರಿನ ಬಾಗಿಲ ತನಕ ಬಂದು ನಿಂತರು. ಒಳಗೆ ಕೈ ಹಾಕಿ ಚನಿಯನನ್ನು ಎಳೆಯಬೇಕಾದರೆ ಅವನನ್ನು ಮುಟ್ಟಬೇಕಿತ್ತು. ಅದ್ರಾಮ ಇಂಜಿನ್ನು ತಿರುಗಿಸಿ ಸುರು ಮಾಡುವ ಹ್ಯಾಂಡಲು ಹಿಡಿದು ಕಾರಿನ ಮುಂದೆ ನಿಂತಿದ್ದ; ಒಮ್ಮೆ ಭಟ್ಟರನ್ನು, ಒಮ್ಮೆ ಒಳಗೆ ಕೂತವನನ್ನು ನೋಡುತ್ತಿದ್ದ.

ಚನಿಯ ಅವರ ಯಾರ ಕಡೆಗೂ ನೋಡಲಿಲ್ಲ. ಸೀಟು ಇಷ್ಟು ಮೆತ್ತಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಎಡಗೈಯನ್ನು ಆ ಬಾಗಿಲ ತನಕ, ಬಲಗೈಯನ್ನು ಈ ಬಾಗಿಲ ತನಕ ಚಾಚಿ ಅಳೆದು ನೋಡಿದ. ಅಂಗಾರೆಯನ್ನು ಮಲಗಿಸಿದ್ದರೂ ಅವಳ ಕಾಲ ಬಳಿ ಒಬ್ಬ ಕೂರುವಷ್ಟು ಜಾಗ ಇತ್ತು.